ಎತ್ತಿಕೊಳ್ಳುವವಳ ಉಸಿರು

ಸಾಗರ
5-9-1966

ಅತ್ತೆಮ್ಮನಿಗೆ ಪುಷ್ಪನ ನಮಸ್ಕಾರ.

ನಿಮ್ಮ ಕಾರ್ಡು ಬಂದು ಹದಿನೈದು ದಿನವಾಯಿತು. ದುಗ್ಗಮ್ಮನಿಗೆ ಗಂಡು ಗೊತ್ತಾಗಿದ್ದು ಕೇಳಿ ಮನೆಯಲ್ಲಿ ಇಬ್ಬರಿಗೂ ಸಂತೋಷವಾಯಿತು. ಅಕ್ಕ ಇದ್ದಿದ್ದರೆ ನಾದಿನಿಯ ಮದುವೆಗೆ ಈಗಿನಿಂದಲೇ ಗುಡ್ಡ ಹತ್ತಿ ಗೋಡೆಯ ಚಿತ್ತಾರಕ್ಕೆ ಕೆಮ್ಮಣ್ಣು ಹುಡುಕುತ್ತಿದ್ದಳು. ಹಸೆಗೋಡೆಯ ಹಾಡಿಗೆ ನಾನು ಬರಲೇಬೇಕು ಎಂದು ಬರೆಸಿದ್ದೀರಿ. ಅಕ್ಕನ ಅತ್ತೆ ನನಗೂ ಅತ್ತೆಯೇ. ನಿಮ್ಮ ಮಾತು ಮೀರುವವಳಲ್ಲ. ಆದರೆ ಹಾಡಲು ನನ್ನಿಂದ ಆಗುವುದಿಲ್ಲ.

ಕಾರಣ ಬರೆಯಲು ನಾಚಿಕೆಯಾಗುತ್ತದೆ. ಹತ್ತು ತಿಂಗಳಿಂದ ನನಗೆ ಉಸಿರು ತುಂಬುವುದಿಲ್ಲ. ಬರುತ್ತದೆ, ಹೋಗುತ್ತದೆ, ಅದಕ್ಕೆ ತೊಂದರೆಯಿಲ್ಲ. ಕೊಡ ಬಾವಿಯಲ್ಲಿ ಮುಳುಗುವಾಗ ಕೊನೆಗೊಂದು ಗುಳುಕ್ ಸದ್ದು ಬರುತ್ತದಲ್ಲ, ಅದು ಬಂದರೆ ಕೊಡ ತುಂಬಿತು ಎಂದು ಗೊತ್ತಾಗುತ್ತದೆ. ನನ್ನ ಎದೆಯಲ್ಲಿ ಆ ಸದ್ದು ಬರುವುದಿಲ್ಲ. ಮತ್ತೆ ಎಳೆಯುತ್ತೇನೆ, ಮತ್ತೆ ಎಳೆಯುತ್ತೇನೆ. ಹತ್ತಕ್ಕೊಂದು ಸಲ ಬಂದರೆ ಅದೇ ಹಬ್ಬ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಕೇಳಿದರು. ಶಿವಮೊಗ್ಗಕ್ಕೆ ಕಳಿಸಿ ಎದೆಯ ಫೋಟೋ ತೆಗೆಸಿದರು. ಎಲ್ಲ ಹೊಸ ತಂಬಿಗೆಯ ಹಾಗೆ ಸ್ವಚ್ಛವಾಗಿದೆಯಂತೆ. "ಮತ್ತೆ ಯಾಕೆ ಸಾರ್ ಹೀಗೆ?" ಎಂದೆ. "ಗೊತ್ತಿಲ್ಲಮ್ಮ" ಎಂದರು. ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು. ಒಳ್ಳೆಯವರು ಅನ್ನಿಸಿತು.

ನಾನು ಆಯಾ ಕೆಲಸ ಮಾಡುವ ಶಿಶುವಿಹಾರದಲ್ಲಿ ಇಪ್ಪತ್ತೆರಡು ಮಕ್ಕಳು. ನಾನು ಬಾಯಿ ತೆರೆದು ಉಸಿರು ಎಳೆದರೆ ಇಪ್ಪತ್ತೆರಡು ಬಾಯಿ ತೆರೆಯುತ್ತವೆ. ಮೊನ್ನೆ ಮೀನಾಕ್ಷಮ್ಮ ಟೀಚರು ಬಾಗಿಲಲ್ಲಿ ನಿಂತು, "ಏನೇ ಪುಷ್ಪ, ಮೀನಿನ ಪಾಠ ಮಾಡ್ತಿದ್ದೀಯಾ?" ಎಂದರು. ಇವರೋ, ಅಕ್ಕಿಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವವರು. "ನಮ್ ಎಂಜಿನ್ನೂ ಒಂದೊಂದು ದಿನ ಹಿಂಗೇ ಗಾಳಿ ಎಳೀತದೆ, ಹತ್ಕಳಲ್ಲ. ಒಂದು ಒದೆ ಕೊಟ್ರೆ ಸರಿ" ಎನ್ನುತ್ತಾರೆ. ಕೊಡಿ ನೋಡೋಣ ಎಂದೆ. ಗಿರಣಿಗೆ ಹೊತ್ತಾಯಿತು ಎಂದು ಹೊರಟರು.

ನಗುತ್ತೇನೆ. ಆದರೆ ಹಾಡು ಬೇರೆ ಅತ್ತೆಮ್ಮ. ನಮ್ಮ ಪದ್ಧತಿ ನಿಮಗೆ ಗೊತ್ತಿದೆ: ಒಬ್ಬಳು ಮುಂದೆ ಹೇಳಬೇಕು, ಅವಳ ಕೊನೆಯ ಮಾತು ಆರುವ ಮೊದಲೇ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಹೆಣ್ಣು ಹಸೆಗೆ ಕೂರುವವರೆಗೆ ಹಾಡು ಕಡಿಯಬಾರದು. ಮುಂದೆ ಹೇಳುವವಳು ಅಕ್ಕ, ಎತ್ತಿಕೊಳ್ಳುವವಳು ನಾನು. ಹೇಳುವವಳೂ ಇಲ್ಲ, ಎತ್ತಿಕೊಳ್ಳುವವಳಿಗೆ ಉಸಿರೂ ಇಲ್ಲ. ಬೇರೆ ಜೋಡಿ ನೋಡಿ.

ಇತಿ ನಿಮ್ಮ
ಪುಷ್ಪಮ್ಮ


ಕಲ್ಲುಗದ್ದೆ, ತೀರ್ಥಹಳ್ಳಿ ತಾಲ್ಲೂಕು
20-9-1966

ಸೌಭಾಗ್ಯವತಿ ಪುಷ್ಪಮ್ಮನವರಿಗೆ,

ಈ ಪತ್ರ ಬರೆಯುತ್ತಿರುವವನು ಇಲ್ಲಿಯ ಅಂಚೆ ಮಾಸ್ತರ ಮುಕುಂದಯ್ಯ. ಗುತ್ಯಮ್ಮನವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಅಪ್ಪಣೆಯಾಗಿದೆ. ಭಾಷೆಗೆ ನಾನು ಹೊಣೆಯಲ್ಲ.

ಪುಷ್ಪಾ, ನಿನ್ನ ಕಾಗದ ಮಾಸ್ತರು ಎರಡು ಸಲ ಓದಿದ್ರು. ಎಂತ ಮಾರಾಯ್ತಿ, ಉಸಿರು ತುಂಬಲ್ಲ ಅಂತ ಹೇಳೋಕೆ ಮೂರು ಪುಟ ತುಂಬಿಸಿದೀಯಲ್ಲ! ನಿನ್ನನ್ನ ಗದ್ದೆ ಹೂಡೋಕೆ ಕರದ್ನಾ ನಾನು? ಹಾಡೋಕೆ ಕರದಿದ್ದು.

ಬೇರೆ ಜೋಡಿ ನೋಡಿ ಅಂತೀಯ. ಈ ಊರಲ್ಲಿರೋ ಜೋಡಿ ಹಾಡಿದ್ರೆ ಕೊಟ್ಟಿಗೆ ದನ ಹಗ್ಗ ಕಿತ್ಕಂಡು ಹೋಗ್ತಾವೆ. ನಿನ್ನಕ್ಕ ಕೆರಿಯಮ್ಮ ಈ ಮನೆ ಸೊಸೆಯಾಗಿ ಎಂಟು ವರ್ಷ ಗೋಡೆ ಬರೀತಾ ಹಾಡಿದ್ಲು. ಅವಳ ಸೊಲ್ಲು ನನ್ನ ಕಿವೀಲಿ ಕೂತೈತೆ. ನಿನ್ನ ಸೊಲ್ಲು ಗೊತ್ತಿಲ್ಲ. ಅರ್ಧ ಹಾಡು ನನ್ನ ಹತ್ರ, ಅರ್ಧ ನಿನ್ನ ಹತ್ರ. ಅರ್ಧ ಹಾಡಲ್ಲಿ ಹೆಣ್ಣನ್ನ ಹಸೆಗೆ ಕೂರಿಸೋಕೆ ಆಗ್ತದಾ? ಮಾಘದಲ್ಲಿ ಮದುವೆ. ನೀನು ಬರದಿದ್ರೆ ಬೇಡ, ನಿನ್ನ ಸೊಲ್ಲಾದ್ರೂ ಬರ್ಲಿ. ಎಲ್ಲಾ ಬರೆದು ಕಳಿಸು. ನಮ್ಮ ದನ ಓಡಿಸೋ ಹುಡುಗೀರಿಗೆ ಕಲಿಸ್ತೀನಿ.

ಮೊದಲಿಂದು ಹಿಂಗೆ ಶುರುವಾಗ್ತದೆ:

ಗೋಡೆಗೆ ಕೆಮ್ಮಣ್ಣ ತಂದೋಳ್ಯಾರೆ, ತಂಗ್ಯಮ್ಮ?

ಎತ್ತಿಕೋ.

ಗುತ್ಯಮ್ಮನ ಹೆಬ್ಬೆಟ್ಟು

(ಹಾಡನ್ನು ಅಂಚೆ ಕಚೇರಿಯಲ್ಲೇ ಗಟ್ಟಿಯಾಗಿ ಹಾಡಿ ಬರೆಸಿದ್ದಾರೆ. ಮನಿಯಾರ್ಡರಿಗೆ ಬಂದವರು ಕೂತು ಕೇಳಿದರು. — ಮು.)


ಸಾಗರ
2-10-1966

ಅತ್ತೆಮ್ಮನಿಗೆ ನಮಸ್ಕಾರ. ಅಂಚೆ ಮಾಸ್ತರರಿಗೂ ನಮಸ್ಕಾರ.

ಎಲ್ಲಾ ಬರೆದು ಕಳಿಸು ಎಂದಿರಿ. ಪೆನ್ಸಿಲ್ ಹಿಡಿದು ಒಂದು ಸಂಜೆಯೆಲ್ಲ ಕೂತೆ. ಒಂದು ಸೊಲ್ಲೂ ಬರಲಿಲ್ಲ. ಅಕ್ಕ ಕೇಳಿದರೆ ಮಾತ್ರ ನನ್ನದು ಬರುವುದು, ಅದು ಹಾಗೆಯೇ ರೂಢಿಯಾಗಿಬಿಟ್ಟಿದೆ. ಕೊನೆಗೆ ನಿಮ್ಮ ಪತ್ರವನ್ನೇ ಗಟ್ಟಿಯಾಗಿ ಓದಿದೆ. 'ತಂಗ್ಯಮ್ಮ' ಎಂದು ಬಾಯಿ ಮುಚ್ಚುವ ಮೊದಲೇ ಬಂತು:

ಮಳೆ ತೊಳೆದ ಗುಡ್ಡದ ನೆತ್ತಿಯ ಮಣ್ಣ
ತಲೆ ಮೇಲೆ ತಂದೋಳು ನಾನೇ ಅಕ್ಕಯ್ಯ.

ಇವರು ಊಟದ ತಟ್ಟೆ ಬಿಟ್ಟು ಎದ್ದು ಬಂದರು. "ಯಾರು ಹಾಡಿದ್ದು?" ಎಂದರು. ಮನೆಯಲ್ಲಿ ಇರುವುದು ನಾವಿಬ್ಬರೇ.

ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ. ದಿನಾ ಒಂದೊಂದು ಸಾಲು ಬರೆಯುತ್ತೇನೆ: ಅಡುಗೆ ಏನು, ಮಳೆ ಎಷ್ಟು, ಉಸಿರು ತುಂಬಿತೇ ಇಲ್ಲವೇ. ಅವತ್ತಿನ ಸಾಲು: 'ಹುರುಳಿಸಾರು. ಮಳೆಯಿಲ್ಲ. ತುಂಬಿತು.' ಮರುದಿನ ಮತ್ತೆ ಇಲ್ಲ. ಇರಲಿ. ಮುಂದಿನದು ಕಳಿಸಿ.

ಇತಿ
ಪುಷ್ಪಮ್ಮ


ಕಲ್ಲುಗದ್ದೆ
21-10-1966

ಪುಷ್ಪಾ, ನಿನ್ನ ಸೊಲ್ಲು ಕೇಳಿ ದುಗ್ಗಮ್ಮ ಅತ್ಲು. ಮದುವೆ ಹುಡುಗಿ ಈಗಲೇ ಅತ್ತು ಮುಗಿಸಿದ್ರೆ ಆಮೇಲೆ ಎಂತ ಮಾಡ್ತೀಯೆ ಅಂತ ಬೈದೆ. ಆಮೇಲೆ ನಾನೂ ಸ್ವಲ್ಪ ಅತ್ತೆ, ಹೊಗೆ ನೆವ ಹೇಳಿ.

ನಿನ್ನ ಉಸಿರಿಗೆ ಇಲ್ಲಿ ಎಲ್ಲರೂ ಮದ್ದು ಹೇಳ್ತಾರೆ. ಹಿಪ್ಪಲಿ, ಶುಂಠಿ, ಆಡುಸೋಗೆ. ಆಗುಂಬೆ ಕಡೆಯೋನೊಬ್ಬ ಬೆಟ್ಟದ ತುದೀಲಿ ನಿಂತು ಮೂರು ಸಲ ಕೂಗು ಅಂದ. ನೀನು ಸಾಗರದ ಪೇಟೇಲಿ ಕೂಗಿದ್ರೆ ಪೊಲೀಸರು ಬರ್ತಾರೆ, ಬೇಡ.

(ಕ್ಷಮಿಸಿ, ನನ್ನದೊಂದು ಮಾತು. ನಿಮ್ಮ ಪತ್ರಗಳನ್ನು ಗಟ್ಟಿಯಾಗಿ ಓದಲು ತೊಡಗಿದಾಗಿನಿಂದ ನನಗೂ ಉಸಿರು ತುಂಬುತ್ತಿಲ್ಲ. ಮೊದಲು ಅದರ ಕಡೆ ಗಮನವೇ ಇರಲಿಲ್ಲ, ಈಗ ಠಸ್ಸೆ ಒತ್ತುವಾಗಲೂ ಗಮನ ಅಲ್ಲೇ. — ಮು.)

ಮಾಸ್ತರು ಎಂತದೋ ಸೇರಿಸಿ ಬರೀತಾ ಇದಾರೆ, ನಂಗೆ ಗೊತ್ತಾಗ್ತದೆ, ನಾನು ಬಾಯಿ ಮುಚ್ಚಿದ್ರೂ ಪೆನ್ನು ಓಡ್ತಾ ಐತೆ.

ತಗಾ, ಎರಡು ಸೊಲ್ಲು:

ಬೆಳ್ಳನೆ ಗೆರೆಗೆ ಹಿಟ್ಟ ಅರೆದೋಳ್ಯಾರೆ, ತಂಗ್ಯಮ್ಮ?

ಮೂಲೆಗೆ ಮೂಲೆಯ ಕೂಡಿಸಿದೋಳ್ಯಾರೆ, ತಂಗ್ಯಮ್ಮ?

ಗುತ್ಯಮ್ಮನ ಹೆಬ್ಬೆಟ್ಟು


ಸಾಗರ
10-12-1966

ಅತ್ತೆಮ್ಮನಿಗೆ ನಮಸ್ಕಾರ.

ಉತ್ತರ ಬರೆಯಲು ಏಳು ವಾರವಾಯಿತು. ನೀವು ಬೈದು ಮುಗಿಸಿರುತ್ತೀರಿ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ಕಾರ್ತಿಕಕ್ಕೆ ಅಕ್ಕ ಹೋಗಿ ವರ್ಷವಾಯಿತು. ಆ ತಿಂಗಳ ಪುಟ ತೆಗೆದರೆ ಅಡುಗೆಯೂ ಇಲ್ಲ, ಮಳೆಯೂ ಇಲ್ಲ. 'ತುಂಬಲಿಲ್ಲ, ತುಂಬಲಿಲ್ಲ' ಎಂದಷ್ಟೇ ಇದೆ.

ಒಂದು ವಿಷಯ ನಿಮಗೆ ಯಾವತ್ತೂ ಹೇಳಿರಲಿಲ್ಲ. ಅಕ್ಕನಿಗೆ ಜ್ವರ ಜೋರಾಗಿದೆ ಎಂದು ತಂತಿ ಬಂದ ದಿನ ನಾನು ಬೆಳಿಗ್ಗೆಯೇ ಹೊರಟೆ. ಹೊಸನಗರದಲ್ಲಿ ಇಳಿದರೆ ಮುಂದಿನ ಬಸ್ಸು ಕೆಟ್ಟು ನಿಂತಿತ್ತು. ಸಂಜೆಯವರೆಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ನೀರೂ ಕುಡಿಯಲಿಲ್ಲ. ಉಸಿರು ಹಿಡಿದು ಕೂತಿದ್ದೆ, ತಲುಪಿದ ಮೇಲೆ ಬಿಟ್ಟರಾಯಿತು ಎನ್ನುವ ಹಾಗೆ. ನಾನು ತಲುಪಿದಾಗ ಎಲ್ಲ ಮುಗಿದು ನಿಮ್ಮ ಅಂಗಳ ತೊಳೆದಾಗಿತ್ತು. ನೀವು ಕಾಫಿ ಕೊಟ್ಟಿರಿ. ಕುಡಿದೆ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ನನ್ನ ಸೊಲ್ಲುಗಳು:

ನೆನೆಸಿದ ಅಕ್ಕಿಯ ನುಣ್ಣಗೆ ಮಾಡಿ
ಬಟ್ಟಲಲಿ ಇಟ್ಟೋಳು ನಾನೇ ಅಕ್ಕಯ್ಯ.

ಪುಂಡಿಯ ನಾರಿನ ಕುಂಚವ ಹಿಡಿದು
ಮೂಲೇಲಿ ನಿಂತೋಳು ನಾನೇ ಅಕ್ಕಯ್ಯ.

ಇತಿ
ಪುಷ್ಪ


ಕಲ್ಲುಗದ್ದೆ
19-12-1966

ಪುಷ್ಪಾ,

ಅವತ್ತು ಕಾಫಿಗೆ ಸಕ್ಕರೆ ಹಾಕೋದು ಮರ್ತಿದ್ದೆ. ನೀನು ಹಂಗೇ ಕುಡಿದೆ. ಅದು ನನಗೆ ಇವತ್ತಿನವರೆಗೂ ನೆನಪೈತೆ.

ನಾನೂ ಒಂದು ಹೇಳ್ತೀನಿ, ಕೇಳು. ಕೆರಿಯಮ್ಮ ಇಲ್ಲಿ ಒಬ್ಬಳೇ ಹಾಡ್ತಿದ್ದಾಗ ತನ್ನ ಸೊಲ್ಲು ಹೇಳಿ ಸುಮ್ಮನೆ ನಿಲ್ಲೋಳು. ಕುಂಚ ಗೋಡೆ ಮೇಲೆ, ಬಾಯಿ ಮುಚ್ಚಿ. ಒಂದು ಸೊಲ್ಲಿನಷ್ಟು ಹೊತ್ತು ಬಿಟ್ಟು ಮುಂದಿಂದು ಹೇಳೋಳು. "ಮಧ್ಯೆ ಎಂತಕ್ಕೆ ಸುಮ್ನಾಗ್ತೀಯೆ, ಮರ್ತು ಹೋಗ್ತದಾ?" ಅಂತ ನಾನು ಛೇಡಿಸಿದ್ರೆ, "ಪುಷ್ಪ ಹೇಳ್ತಿದಾಳೆ ಅತ್ತೆಮ್ಮ, ನಿಮಗೆ ಕೇಳಲ್ಲ" ಅಂತ ನಗೋಳು. ಎಂಟು ವರ್ಷ ಹಂಗೇ. ನೀನು ಸಾಗರದಲ್ಲಿ, ಅವಳು ಇಲ್ಲಿ.

ನನ್ನ ಹತ್ರ ಇರೋ ಸೊಲ್ಲು ಮೂರೇ. ಕೊನೇದು ಅವಳು ಮನೇಲಿ ಯಾವತ್ತೂ ಹೇಳ್ಲಿಲ್ಲ. ಹೆಣ್ಣು ಹಸೆ ಮುಂದೆ ಬಂದಾಗ ಮಾತ್ರ ಹೇಳಬೇಕು, ಸುಮ್ನೆ ಹೇಳಬಾರದು ಅನ್ನೋಳು. ಅದು ನಿನಗೆ ಗೊತ್ತಿರಬೇಕು.

ಬರ್ತೀಯಲ್ಲ?

ಗುತ್ಯಮ್ಮನ ಹೆಬ್ಬೆಟ್ಟು

(ಇವತ್ತು ನಾನು ಏನನ್ನೂ ಸೇರಿಸುವುದಿಲ್ಲ. — ಮು.)


ಸಾಗರ
1-2-1967

ಅತ್ತೆಮ್ಮನಿಗೆ ನಮಸ್ಕಾರ.

ಕೊನೆಯ ಸೊಲ್ಲಿಗಾಗಿ ಒಂದು ತಿಂಗಳು ತಲೆ ಕೆರೆದುಕೊಂಡೆ. ಅಕ್ಕನ ಪಕ್ಕದಲ್ಲಿ ನಿಂತು ಎಷ್ಟು ಮದುವೆಯಲ್ಲಿ ಕೇಳಿದ್ದೇನೆ! ಆದರೂ ಅವಳದ್ದು ನೆನಪಾಗುತ್ತಿಲ್ಲ. ವಿಚಿತ್ರವೆಂದರೆ ನನ್ನದು ಮಾತ್ರ ತಾನಾಗಿ ಬಂತು, ಶಿಶುವಿಹಾರದ ಮಗುವೊಂದಕ್ಕೆ ಮೂಗು ಒರೆಸುತ್ತಿದ್ದಾಗ:

ಮದುಮಗಳು ಕೂತರೆ ನಾ ಕೂತ ಹಾಗೆ
ಬಾಗಿಲಲಿ ನಿಂತೋಳು ನಾನೇ ಅಕ್ಕಯ್ಯ.

ಉತ್ತರ ಇದೆ, ಪ್ರಶ್ನೆ ಇಲ್ಲ. ಇದನ್ನು ಹಿಡಿದುಕೊಂಡು ಏನು ಮಾಡುವುದೋ ತಿಳಿಯದು. ನೀವು ಇದನ್ನು ಕಲಿತಿಟ್ಟುಕೊಳ್ಳಿ, ನನಗೆ ಉಸಿರು ಕೈಕೊಟ್ಟರೆ ಬೇಕಾಗುತ್ತದೆ.

ಹೌದು, ಬರುತ್ತೇನೆ. ಮದುವೆಗೆ ನಾಲ್ಕು ದಿನ ಮುಂಚೆಯೇ ಬರುತ್ತೇನೆ. ಗೋಡೆ ಬರೆಯಲು ಕೈ ಸರಿಯಾಗಿಯೇ ಇದೆ. ಇವರಿಗೆ ಗಿರಣಿಯಲ್ಲಿ ಸುಗ್ಗಿಯ ಭತ್ತ ಬಂದು ಬಿದ್ದಿದೆ, ರಜೆ ಸಿಗುವುದಿಲ್ಲವಂತೆ.

ಇತಿ
ಪುಷ್ಪ


ಕಲ್ಲುಗದ್ದೆ
8-3-1967

ಸಾಗರದ ಮನೆಯವರಿಗೆ ಪುಷ್ಪನ ನಮಸ್ಕಾರ.

ನೀವು ದಿನಾ ಹೋಟೆಲಿನಲ್ಲಿ ಉಣ್ಣುತ್ತಿದ್ದೀರಿ ಎಂದು ಗೊತ್ತು. ಉಪ್ಪಿನಕಾಯಿಯ ಭರಣಿ ನೆಲುವಿನ ಮೇಲಿದೆ. ಇನ್ನು ಮದುವೆಯ ಸುದ್ದಿ.

ಬರುವಾಗ ಹೊಸನಗರದಲ್ಲಿ ಬಸ್ಸು ಬದಲಿಸಬೇಕಿತ್ತಲ್ಲ. ಅದೇ ಕಲ್ಲುಬೆಂಚು. ಕೂತೆ. ಕೂತ ತಕ್ಷಣ ಉಸಿರಿನ ಕಾಟ ಶುರು. ನಾನು ಬಾಯಿ ತೆರೆಯುವುದನ್ನು ನೋಡಿ ಪಕ್ಕದವಳು ನಿಂಬೆಹಣ್ಣು ಕೊಟ್ಟಳು. ಒಬ್ಬರು ಗಾಳಿ ಬೀಸಿದರು. ಕಂಡಕ್ಟರು, "ಜೀರಿಗೆ ಅಗೀರಿ ಅಕ್ಕ, ನಮ್ ಅಮ್ಮನಿಗೂ ಹಂಗೇ" ಎಂದ. ಬಸ್ಸು ಹೊರಡುವ ಹೊತ್ತಿಗೆ ನನ್ನ ಮಡಿಲಲ್ಲಿ ನಿಂಬೆ, ಜೀರಿಗೆ, ತುಳಸಿ ಎಲೆ, ಯಾರದೋ ಪೆಪ್ಪರಮಿಂಟು. ಆ ಬೆಂಚಿನ ಮೇಲೆ ನಗು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ನಾಲ್ಕು ದಿನ ಗೋಡೆ ಬರೆದೆ. ಅತ್ತೆಮ್ಮ ಅಕ್ಕನ ಸೊಲ್ಲು ಹೇಳುವುದು, ನಾನು ಎತ್ತಿಕೊಳ್ಳುವುದು. ಅವರ ದನಿ ಒಡೆದ ಜಾಗಟೆ. ಮುಂದಿನ ಹಲ್ಲು ಎರಡು ಇಲ್ಲದ್ದರಿಂದ ಅರ್ಧ ಹಾಡು ಗಾಳಿಯಲ್ಲೇ ಹೋಗುತ್ತದೆ. ಆದರೂ ಅಕ್ಕ ಎಲ್ಲಿ ಎಳೆಯುತ್ತಿದ್ದಳೋ ಸರಿಯಾಗಿ ಅಲ್ಲೇ ಎಳೆಯುತ್ತಾರೆ.

ಮದುವೆಯ ಬೆಳಿಗ್ಗೆ ದುಗ್ಗಮ್ಮನನ್ನು ಒಳಗಿನಿಂದ ಕರೆತಂದರು. ಹೆಂಗಸರೆಲ್ಲ ಬಾಗಿಲಿಗೆ ಒತ್ತಿ ನಿಂತಿದ್ದರು. ಮೊದಲ ಮೂರು ಸೊಲ್ಲು ದಾರಕ್ಕೆ ಹೂ ಪೋಣಿಸಿದ ಹಾಗೆ ಹೋದವು. ದುಗ್ಗಮ್ಮ ಹಸೆಯ ಮುಂದೆ ಬಂದು ನಿಂತಳು. ಅತ್ತೆಮ್ಮನ ಸೊಲ್ಲು ಅಲ್ಲಿಗೆ ಮುಗಿದಿತ್ತು. ನನ್ನ ಕಡೆ ನೋಡಿದರು.

ನಾನು ಕಾದೆ. ಉತ್ತರ ನಾಲಿಗೆಯ ತುದಿಯಲ್ಲಿದೆ. ಉಸಿರು ಎಳೆದುಕೊಂಡೆ. ಯಾರೂ ಪ್ರಶ್ನೆ ಕೇಳಲಿಲ್ಲ. ಅದರ ಮೇಲೆ ಇನ್ನೊಂದು ಎಳೆದೆ. ಇನ್ನೊಂದು. ಭುಜ ಕಿವಿಯ ಹತ್ತಿರ ಬಂತು. ಹಾಡು ಕಡಿಯುತ್ತದೆ ಎಂದು ಎಲ್ಲರ ಮುಖದಲ್ಲೂ ಗಾಬರಿ.

ಅತ್ತೆಮ್ಮ ನನ್ನ ಬೆನ್ನಿಗೆ ಪಟ್ ಎಂದು ಒಂದು ಕೊಟ್ಟರು. "ಎಷ್ಟು ಅಂತ ಎಳೀತೀಯೆ! ತುಂಬಿದ ಕೊಡಕ್ಕೆ ಯಾರಾದ್ರೂ ನೀರು ಹೊಯ್ತಾರಾ? ಒಂದು ವರ್ಷದಿಂದ ತುಂಬ್ಕಂಡು ನಿಂತಿದೀಯ, ಅವಳು ಕೇಳ್ತಾಳೆ ಅಂತ. ಅವಳು ಕೇಳಲ್ಲ ಕಣೆ. ಚೆಲ್ಲು ಮೊದ್ಲು!"

ಯಾರೋ ಕಿಸಕ್ ಎಂದರು. ಮುಸುಕಿನೊಳಗೆ ದುಗ್ಗಮ್ಮ ನಕ್ಕಳು. ನನಗೂ ತಡೆಯಲಾಗಲಿಲ್ಲ, ನಗು ಬಂತು, ನಗುವಿನ ಜೊತೆ ಉಸಿರೆಲ್ಲ ಹೊರಗೆ ಹೋಯಿತು. ಹೊರಗೆ ಹೋಗುತ್ತಿದ್ದ ಆ ಉಸಿರಿನಲ್ಲೇ ಬಂತು ನೋಡಿ, ಅಕ್ಕನದು, ನನ್ನ ಬಾಯಲ್ಲಿ:

ಇಷ್ಟೆಲ್ಲ ಬರೆದೋಳು ಕೂರೋದೆಲ್ಲಿಯೆ, ತಂಗ್ಯಮ್ಮ?

'ತಂಗ್ಯಮ್ಮ' ಆರುವ ಮೊದಲೇ ಒಡೆದ ಜಾಗಟೆ ಎತ್ತಿಕೊಂಡಿತು. ನಾನು ಕಳಿಸಿದ್ದ ಸೊಲ್ಲು, ಒಂದಕ್ಷರ ತಪ್ಪಲಿಲ್ಲ:

ಮದುಮಗಳು ಕೂತರೆ ನಾ ಕೂತ ಹಾಗೆ
ಬಾಗಿಲಲಿ ನಿಂತೋಳು ನಾನೇ ಅಕ್ಕಯ್ಯ.

ಅವರು ಹಾಡುತ್ತಿದ್ದರೆ ನಾನು ಸುಮ್ಮನೆ ನಿಂತಿದ್ದೆ. ಏನೂ ಎಳೆಯಲಿಲ್ಲ. ಉಸಿರು ತಾನಾಗಿಯೇ ಬಂತು, ಹೊಟ್ಟೆಯ ತಳದವರೆಗೆ. ಗುಳುಕ್.

ದುಗ್ಗಮ್ಮ ಹಸೆಗೆ ಕೂತಳು. ಆಮೇಲೆ ನಾನು ಹಿತ್ತಲಿಗೆ ಹೋಗಿ ಚೆನ್ನಾಗಿ ಅತ್ತೆ. ಅತ್ತೆಮ್ಮ ಕಾಫಿ ತಂದುಕೊಟ್ಟರು. ಸಕ್ಕರೆ ಎಷ್ಟು ಹಾಕಿದ್ದರೆಂದರೆ ಚಮಚ ನಿಲ್ಲುತ್ತಿತ್ತು.

ನೀವು ಹೇಳಿದ್ದ ಆ ಒದೆ ಕೊನೆಗೂ ಸಿಕ್ಕಿತು. ಶುಕ್ರವಾರ ಬರುತ್ತೇನೆ.

ಇತಿ ನಿಮ್ಮ
ಪುಷ್ಪ


ಸಾಗರ
14-6-1967

ಅತ್ತೆಮ್ಮನಿಗೆ ನಮಸ್ಕಾರ.

ದುಗ್ಗಮ್ಮ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ ಎಂದು ಕೇಳಿ ಸಂತೋಷ. ಇಲ್ಲಿ ಒಂದು ಸುದ್ದಿ: ಮೊನ್ನೆ ಉಸಿರಿನ ಕಾಟ ಮತ್ತೆ ಬಂತು. ಮೂರು ತಿಂಗಳು ಇರಲಿಲ್ಲ, ಹೋಯಿತು ಎಂದುಕೊಂಡಿದ್ದೆ. ಬಟ್ಟೆ ಒಗೆಯುತ್ತಿದ್ದಾಗ ಸುಮ್ಮನೆ ಬಂದು ಕೂತಿತು, ಕಾರಣವಿಲ್ಲದೆ, ಹಳೆಯ ನೆಂಟರ ಹಾಗೆ.

ಪೇಟೆಯಲ್ಲಿ ಡಾಕ್ಟರು ಸಿಕ್ಕರು. "ಉಸಿರು ಹೇಗಿದೆಯಮ್ಮ?" ಎಂದರು. "ಬರುತ್ತೆ, ಹೋಗುತ್ತೆ ಸಾರ್" ಎಂದೆ. "ಯಾಕೆ ಅಂತ ಗೊತ್ತಾಯ್ತಾ?" ಎಂದರು. "ಗೊತ್ತಿಲ್ಲ ಸಾರ್" ಎಂದೆ. ಇಬ್ಬರೂ ನಕ್ಕೆವು.

ಮೊದಲಿನ ಹಾಗೆ ಹೆದರಿಕೆಯಿಲ್ಲ. ಬಂದಾಗ ಎಳೆಯುವುದನ್ನು ಬಿಟ್ಟು ಹಾಡಿಬಿಡುತ್ತೇನೆ. ಒಂದೊಂದು ಸಲ ತುಂಬುತ್ತದೆ, ಒಂದೊಂದು ಸಲ ಇಲ್ಲ. ಹಾಡಂತೂ ಆಗುತ್ತದೆ. ಈ ವರ್ಷ ಶಿಶುವಿಹಾರಕ್ಕೆ ಇಪ್ಪತ್ತೇಳು ಮಕ್ಕಳು ಬಂದಿವೆ. ನಾನು ಮುಂದೆ ಹೇಳುತ್ತೇನೆ, ಇಪ್ಪತ್ತೇಳು ಬಾಯಿ ಎತ್ತಿಕೊಳ್ಳುತ್ತವೆ. ನನ್ನ ಕೊನೆಯ ಮಾತು ಮುಗಿಯುವವರೆಗೂ ಕಾಯುವುದಿಲ್ಲ, ನಡುವಿನಲ್ಲೇ ಎತ್ತುತ್ತವೆ. ಮೀನಾಕ್ಷಮ್ಮ ಟೀಚರು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆ.

ನಿನ್ನೆ ನೋಟುಬುಕ್ಕಿನಲ್ಲಿ ಬರೆದದ್ದು: 'ಬಸಳೆಸಾರು. ಭಾರಿ ಮಳೆ. ತುಂಬಲಿಲ್ಲ. ಹಾಡಿದೆ.'

ಒಂದು ಸೊಲ್ಲು ನಾನೇ ಕಟ್ಟಿದ್ದೇನೆ, ನಗಬೇಡಿ:

ಮೊದಲ ಮಳೆ ಬಂತು, ಗೋಡೆ ಕಾಯೋಳ್ಯಾರೆ, ಅತ್ತ್ಯಮ್ಮ?

ಇತಿ ನಿಮ್ಮ
ಪುಷ್ಪ


ಕಲ್ಲುಗದ್ದೆ
27-6-1967

ಪುಷ್ಪಾ, ನಕ್ಕೆ. ಆಮೇಲೆ ಇಡೀ ದಿನ ನಾಟಿಗದ್ದೇಲಿ ಇದನ್ನೇ ಗುನುಗಿದೆ. ಸಂಜೆ ಹೊತ್ತಿಗೆ ಸಿಕ್ತು:

ಸೂರಿನ ಹನಿಗೆ ಸೋಗೆಯ ಕಟ್ಟಿ
ಬಾಗಿಲಲಿ ಕೂತೋಳು ನಾನೇ ತಂಗ್ಯಮ್ಮ.

(ಇದಕ್ಕೆ ಮುಂದಿನ ಸೊಲ್ಲೊಂದನ್ನು ನಾನೂ ಕಟ್ಟಿದ್ದೇನೆ. ಗುತ್ಯಮ್ಮನವರು ಕೇಳಿ, "ಮಾಸ್ತರೇ, ನೀವು ಠಸ್ಸೆ ಒತ್ರಿ" ಎಂದರು. ಉಸಿರು ಈಗ ಪರವಾಗಿಲ್ಲ. — ಮು.)

ಮಾಸ್ತರದ್ದು ಬಿಡು. ನನ್ನದು ಇಲ್ಲೈತೆ:

ಕೆಸರಿನ ಕಾಲಲ್ಲಿ ಬರ್ತಾಳಂತೆ, ಬರೋಳ್ಯಾರೆ, ತಂಗ್ಯಮ್ಮ?

ಸಾಕು ಮಾಸ್ತರೇ, ಅಲ್ಲಿಗೆ ಬಿಡಿ. ಅವಳು ಎತ್ಕಳ್ಲಿ.

ಗುತ್ಯಮ್ಮನ ಹೆಬ್ಬೆಟ್ಟು